ರೋಮಿನವರ ಅಡಿಗೆ ಮತ್ತು ನಮ್ಮ ಕಾಳುಮೆಣಸು

ಈಗ ನಮ್ಮ ಕಡೆ ಬಹಳ ಮನೆಗಳಲ್ಲಿ ಪಾಸ್ತಾ ಮಾಡ್ತಾರೆ. ರಜೆಗೆ ಬಂದ ಮಕ್ಕಳು ಟೊಮೆಟೊ ಸಾಸ್ ಸುರಿದು, ಮೇಲೆ ಪ್ಯಾಕೆಟ್ಟಿನ ಪೆಪ್ಪರ್ ಪುಡಿ ಉದುರಿಸ್ತಾರೆ. ಹಿಂದಿನ ತೋಟದಲ್ಲಿ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿ ನೋಡ್ತಾ ನಿಂತಿರ್ತದೆ. ಇಟಲಿ ಅಡಿಗೆ ಅಂದ್ರೆ ಟೊಮೆಟೊ ಅಂತ ತಿಳಿದಿದ್ದೇವೆ. ಟೊಮೆಟೊ ಅಮೆರಿಕದ್ದು. ಅಲ್ಲಿಯ ಪುಸ್ತಕದಲ್ಲಿ ಟೊಮೆಟೊ ಸಾಸ್ ಅಚ್ಚಾದದ್ದು 1690ರ ದಶಕದಲ್ಲಿ, ನೇಪಲ್ಸಿನಲ್ಲಿ. ಕಾಳುಮೆಣಸು ಹಳೇ ರೋಮನ್ನರ ಕಾಲದಿಂದಲೇ ಅವರ ಅಡಿಗೆಮನೆಯಲ್ಲಿತ್ತು.

1623ರಲ್ಲಿ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ರೋಮಿನವನೇ ನಮ್ಮ ಸೀಮೆಗೆ ಬಂದಿದ್ದ. ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ರಾಯಭಾರಿ ಕಳಿಸಿದಾಗ ಇವನೂ ಜೊತೆಗೆ ಹೊರಟ. ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆ, ಅಲ್ಲಿಂದ ಘಟ್ಟ ಹತ್ತಿ ಗೋವರ್ಧನಗಿರಿ, ಸಾಗರ, ಇಕ್ಕೇರಿ. ಗೇರುಸೊಪ್ಪೆ ಆಗಲೇ ಹಾಳುಬಿದ್ದಿತ್ತು. ಅಲ್ಲಿಯ ರಾಣಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತಿದ್ದರೆಂದು ಬರೆದಿಟ್ಟಿದ್ದಾನೆ. ನಾವು ಚೆನ್ನಭೈರಾದೇವಿ ಅಂತ ಹೇಳ್ತೇವಲ್ಲ, ಅವಳು. ಅವಳ ರಾಜ್ಯ ನುಂಗಿದವನು ಇದೇ ವೆಂಕಟಪ್ಪ ನಾಯಕ. ರಾಜ್ಯ ಹೋಗುವಷ್ಟು ಬೆಲೆಯ ಕಾಳು ಮಾರಾಯ್ರೆ, ನಾವು ಮನೆಗೆ ಅರ್ಧ ಕೇಜಿ ಇಟ್ಟುಕೊಳ್ಳದೆ ಪೂರ್ತಿ ಮಾರ್ತೇವೆ.

ಒಂದು ತಮಾಷೆ ನೋಡಿ. ಅಮೆರಿಕದಿಂದ ಕೆಂಪು ಖಾರ ಬಂದಾಗ ನಾವು ಅದಕ್ಕೆ ಮೆಣಸಿನಕಾಯಿ ಅಂದೆವು, ಮೆಣಸಿನ ಹೆಸರೇ ಕೊಟ್ಟೆವು. ಇಟಲಿಯವರೂ ಹಾಗೇ ಮಾಡಿದರು: ಮೆಣಸು ಪೆಪೆ, ಮೆಣಸಿನಕಾಯಿ ಪೆಪೆರೊನ್ಚಿನೊ. ಪೆಪೆ ಎಂಬ ಶಬ್ದದ ಮೂಲ ಸಂಸ್ಕೃತದ ಪಿಪ್ಪಲಿ, ನಮ್ಮ ಹಿಪ್ಪಲಿ.

ರೋಮಿನಲ್ಲಿ 'ಕಾಚೋ ಎ ಪೆಪೆ' ಅಂತ ಒಂದು ಪಾಸ್ತಾ ಇದೆ. ಅರ್ಥ ಚೀಸು ಮತ್ತು ಮೆಣಸು, ಅಷ್ಟೇ. ಬೆಳ್ಳುಳ್ಳಿ, ಕ್ರೀಮ್ ಯಾವುದೂ ಇಲ್ಲ. ಇಡೀ ಕಾಳನ್ನು ಒಣ ಬಾಣಲೆಯಲ್ಲಿ ಘಮ ಬರುವಷ್ಟು ಹುರಿದು ತರಿತರಿಯಾಗಿ ಕುಟ್ಟಬೇಕು. ಪುಡಿ ಮಾಡಿಟ್ಟದ್ದು ಬೇಡ, ಅದರ ಪರಿಮಳ ಹಾರಿಹೋಗಿರ್ತದೆ. ಉದ್ದ ಶಾವಿಗೆಯಂಥ ಸ್ಪಗೆಟ್ಟಿಯನ್ನು ಸ್ವಲ್ಪವೇ ನೀರಲ್ಲಿ ಬೇಯಿಸಿ, ಒಳಗೆ ತುಸು ಗಟ್ಟಿ ಇದ್ದಾಗಲೇ ತೆಗೀರಿ. ಆ ಗಂಜಿಯನ್ನು ಚೆಲ್ಲಬೇಡಿ. ಒಲೆಯಿಂದ ಇಳಿಸಿದ ಮೇಲೆ ತುರಿದ ಚೀಸಿಗೆ ಉಗುರುಬೆಚ್ಚಗಿನ ಗಂಜಿ ಹಾಕಿ ಕದಡಿ, ಆಮೇಲೆ ಪಾಸ್ತಾ, ಮೆಣಸು ಸೇರಿಸಿ. ಉರಿ ಮೇಲೆ ಚೀಸು ಹಾಕಿದರೆ ಹಾಲು ಒಡೆದ ಹಾಗೆ ಗಂಟು ಕಟ್ತದೆ. ಚೀಸಲ್ಲೇ ಉಪ್ಪಿರ್ತದೆ, ನೀರಿಗೆ ಕಡಿಮೆ ಸಾಕು.

ಅವರದ್ದು ಪೆಕೊರಿನೊ ರೊಮಾನೊ, ಕುರಿಹಾಲಿನದು. ಅದಕ್ಕೆ ಕುರಿಮರಿಯ ಹೊಟ್ಟೆಯ ಹೆಪ್ಪು ಹಾಕ್ತಾರೆ, ಸಸ್ಯಾಹಾರಿಗಳು ತಿಳಿದಿರಲಿ. ಬೇಡದವರು ಹಸಿರು ಚುಕ್ಕೆಯ ಗಟ್ಟಿ ಹಳೇ ಚೀಸು ತರಲಿ. ಪನೀರು ಇದಕ್ಕೆ ಆಗೋದಿಲ್ಲ.

ಮೆಣಸಿಗೆ ಮಾತ್ರ ಯಾವ ಅಂಗಡಿಗೂ ಹೋಗಬೇಡಿ. ಗೊಂಚಲಲ್ಲಿ ಒಂದೆರಡು ಕಾಳು ಕೆಂಪಾದಾಗ ಕೊಯ್ದು ಬಿಡಿಸಿ, ಕುದಿಯುವ ನೀರಲ್ಲಿ ಒಂದು ನಿಮಿಷ ಅದ್ದಿ ಒಣಗಿಸಿದ್ದು ಒಂದೇ ಸಮ ಕಪ್ಪಾಗ್ತದೆ. ಮಂಡಿಗೆ ಚೀಲ ಕಟ್ಟುವ ಮೊದಲೇ ಅದರಲ್ಲಿ ದಪ್ಪ ಕಾಳು ಆರಿಸಿ ಒಂದು ಡಬ್ಬಿ ತೆಗೆದಿಡಿ.