ಬಂಗಾರ ಮುಗಿದ ಮೇಲಿನ ಊರು

ಅಮೆರಿಕದ ಜನಕ್ಕೆ ಪಟ್ಟಿ ಮಾಡುವ ಹುಚ್ಚು ಬಹಳ. ಅತಿ ಎತ್ತರದ ಕಟ್ಟಡ, ಅತಿ ದೊಡ್ಡ ಸಾಹುಕಾರ ಇವುಗಳ ಜೊತೆಗೆ, ಕಾಲಿಟ್ಟೊಡನೆ ಮನಸ್ಸು ಕುಗ್ಗಿಹೋಗುವ ಊರುಗಳದೂ ಒಂದು ಪಟ್ಟಿಯನ್ನು ಅವರು ಇಟ್ಟುಕೊಂಡಿರುತ್ತಾರೆ. ಅದರಲ್ಲಿ ಗ್ಯಾರಿ, ಡೆಟ್ರಾಯಿಟ್ ಎಂಬ ಹೆಸರುಗಳು ತಪ್ಪುವುದು ಅಪರೂಪ. ಗ್ಯಾರಿಯನ್ನು 1906ರಲ್ಲಿ ಉಕ್ಕಿನ ಕಂಪನಿಯೊಂದು ತನ್ನ ಕಾರ್ಖಾನೆಗೆಂದೇ ಕಟ್ಟಿಸಿ, ತನ್ನ ಯಜಮಾನನ ಹೆಸರನ್ನೇ ಅದಕ್ಕೆ ಇಟ್ಟಿತು. 1960ರಲ್ಲಿ 1,78,000 ಜನರಿದ್ದ ಆ ಊರಿನಲ್ಲಿ 2020ರ ಗಣತಿಗೆ ಸಿಕ್ಕವರು ಸುಮಾರು 69,000. ಮೋಟಾರು ಕಾರುಗಳ ತವರಾದ ಡೆಟ್ರಾಯಿಟ್ ನಗರವಂತೂ 2013ರಲ್ಲಿ ದಿವಾಳಿ ಅರ್ಜಿಯನ್ನೇ ಹಾಕಿತು.

ಊರು ಹೇಗೆ ಕಾಣುತ್ತದೆ ಎಂಬುದನ್ನು ಇಂಥ ಪಟ್ಟಿಗಳು ಹೇಳುತ್ತವೆ. ಅದಕ್ಕೆ ಆ ಗತಿ ತಂದವರು ಯಾರು ಎಂಬುದನ್ನು ಹೇಳುವುದಿಲ್ಲ. ಅದನ್ನು ತಿಳಿಯುವುದಕ್ಕೆ ನಾವು ಸಮುದ್ರ ದಾಟಬೇಕಾಗಿಲ್ಲ. ಬೆಂಗಳೂರಿನಿಂದ ನೂರು ಕಿಲೋಮೀಟರು ದೂರದಲ್ಲಿ ಕೋಲಾರದ ಚಿನ್ನದ ಗಣಿಯಿದೆ.

ನ್ಯೂಜಿಲೆಂಡಿನ ಯುದ್ಧದಲ್ಲಿ ಕಾದಾಡಿ ಬಂದು ಬೆಂಗಳೂರು ದಂಡಿನಲ್ಲಿ ನೆಲೆಸಿದ ಲ್ಯಾವೆಲ್ ಎಂಬ ಸಿಪಾಯಿ 1870ರ ದಶಕದಲ್ಲಿ ಮೈಸೂರು ಸರ್ಕಾರದಿಂದ ಇಲ್ಲಿ ಅಗೆಯುವ ಪರವಾನಗಿ ಪಡೆದ. ಅವನ ಕೈಯಲ್ಲಿ ಹಣವಿರಲಿಲ್ಲ. ಹಣವಿದ್ದದ್ದು ಲಂಡನ್ನಿನಲ್ಲಿ. 1880ರ ಬಳಿಕ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂದದ್ದೇ ತಡ, ಕುರುಚಲು ಬೆಳೆದಿದ್ದ ಬಯಲಿನಲ್ಲಿ ಪಟ್ಟಣವೆದ್ದಿತು. ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ರೈಲು ಬಂದಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ತೊಂಬತ್ತೆರಡು ಮೈಲಿ ತಂತಿಯ ಮೇಲೆ ಹರಿದು ಗಣಿಗೆ ಬಂದಿತು. ಬೆಂಗಳೂರಿನ ಬೀದಿದೀಪ ಹೊತ್ತಿಕೊಂಡದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಬೆಟ್ಟದ ತಪ್ಪಲಿನಲ್ಲಿ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ. ದೊರೆಗಳು ಇದನ್ನು ಪುಟ್ಟ ಇಂಗ್ಲೆಂಡ್ ಎಂದು ಕರೆದು ಸುಖಿಸಿದರು.

ಆದರೆ ಭೂಮಿಯ ಒಳಗೆ ಇಳಿದವರು ಬೇರೆ. ಉತ್ತರ ಆರ್ಕಾಟಿನಿಂದ, ಚಿತ್ತೂರಿನ ಕಡೆಯಿಂದ ಬಂದ, ಹೆಚ್ಚಾಗಿ ದಲಿತರಾದ ಕೂಲಿಗಳು. ಊರಿನಲ್ಲಿ ಜಮೀನ್ದಾರನ ಹೊಲ, ಇಲ್ಲಿ ಕಂಪನಿಯ ಸುರಂಗ. ಎರಡರಲ್ಲಿ ಯಾವುದು ಹೆಚ್ಚು ಕತ್ತಲೆ ಎಂದು ಅವರನ್ನೇ ಕೇಳಬೇಕಿತ್ತು. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ ಇಳಿಯಿತು. ತಳದಲ್ಲಿ ಬಂಡೆಯ ಶಾಖ 60 ಡಿಗ್ರಿ ದಾಟುತ್ತಿತ್ತು. ಒತ್ತಡ ತಾಳದೆ ಬಂಡೆ ಸಿಡಿಯುವುದು ಅಲ್ಲಿ ದಿನದ ಮಾತು. ಮನೆಯಿಂದ ಹೊರಟ ಗಂಡಸು ಸಂಜೆ ಮೇಲೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ದೂಳು ಕುಡಿದು ಕುಡಿದು ಎದೆ ಕಲ್ಲಾಗಿ ನಿಧಾನವಾಗಿ ಸತ್ತವರದು ಇನ್ನೊಂದು ಲೆಕ್ಕ.

ಸುಮಾರು 120 ವರ್ಷಗಳಲ್ಲಿ ಅಲ್ಲಿಂದ 800 ಟನ್ನಿನಷ್ಟು ಚಿನ್ನ ಮೇಲೆ ಬಂದಿತು. 1956ರಲ್ಲಿ ಮೈಸೂರು ಸರ್ಕಾರ ಗಣಿಗಳನ್ನು ವಹಿಸಿಕೊಂಡಿತು. 1962ರಲ್ಲಿ ಅವು ಕೇಂದ್ರದ ಕೈ ಸೇರಿದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಎಂಬ ಹೊಸ ಹೆಸರು ಬಂದಿತು. ಅಷ್ಟರಲ್ಲಿ ಸತ್ವವೆಲ್ಲ ಲಂಡನ್ನಿನ ಷೇರುದಾರರ ಪಾಲಾಗಿತ್ತು. ಸರ್ಕಾರದ ಪಾಲಿಗೆ ಉಳಿದದ್ದು ಆಳವಾದ ಬಾವಿ ಮತ್ತು ಏರುವ ಖರ್ಚು. ಒಂದು ಟನ್ನು ಬಂಡೆ ಒಡೆದರೆ ಮೂರು ನಾಲ್ಕು ಗ್ರಾಮು ಚಿನ್ನ ದೊರೆತರೆ ಪುಣ್ಯ. 2001ರ ಫೆಬ್ರವರಿ 28ರಂದು ಗಣಿಯನ್ನು ಮುಚ್ಚಿದರು. ಪಂಪುಗಳು ನಿಂತವು, ನೀರು ಮೇಲೇರಿತು, ಮೂರು ತಲೆಮಾರು ಬೆವರು ಸುರಿಸಿದ ಸುರಂಗಗಳು ಮುಳುಗಿದವು. ಮೇಲೆ ಉಳಿದದ್ದು ಸಯನೈಡ್ ದಿಬ್ಬಗಳು. ಚಿನ್ನ ಬೇರ್ಪಡಿಸಿದ ಮೇಲೆ ಸುರಿದ ಆ ಪುಡಿಮಣ್ಣು ಗಾಳಿಗೆ ಎದ್ದು ಮನೆಗಳ ಒಳಗೆ ಬರುತ್ತದೆ.

ನಾನಿರುವ ರಾಜಾಜಿನಗರವೂ ಕೈಗಾರಿಕೆಗೆಂದೇ 1949ರಲ್ಲಿ ಆರಂಭವಾದ ಬಡಾವಣೆ. ಇಲ್ಲಿಯೂ ಆಸುಪಾಸಿನಲ್ಲಿ ಕಾರ್ಖಾನೆಗಳು ಮುಚ್ಚಿದವು. ಮಗ್ಗುಲಲ್ಲೇ ಇದ್ದ, 1936ರ ಮೈಸೂರು ಲ್ಯಾಂಪ್ಸ್ 2003ರಲ್ಲಿ ಬಾಗಿಲು ಹಾಕಿತು; ಕಿರ್ಲೋಸ್ಕರ್ ಕಾರ್ಖಾನೆ ಇದ್ದ ಜಾಗದಲ್ಲಿ ಈಗ ಮಾಲು, ಗಗನಚುಂಬಿಗಳು. ಕೆಲಸ ಹೋದವನ ಸಂಕಟ ಇಲ್ಲಿಯೂ ಅಷ್ಟೇ. ಆದರೆ ರಾಜಾಜಿನಗರಕ್ಕೆ ಯಾರೂ ಮಂಕುಬಡಿದ ಊರೆಂದು ಹೆಸರಿಡಲಿಲ್ಲ. ಒಂದು ಬಾಗಿಲು ಮುಚ್ಚಿದರೆ ಪಕ್ಕದ ಬೀದಿಯಲ್ಲಿ ಇನ್ನೊಂದನ್ನು ತಟ್ಟಬಹುದಾಗಿತ್ತು. ಗಣಿಯ ಊರಿಗೆ ಬಾಗಿಲು ಬಹುಮಟ್ಟಿಗೆ ಒಂದೇ. ಮನೆ, ನೀರು, ಆಸ್ಪತ್ರೆ, ದೀಪ, ಎಲ್ಲ ಕಂಪನಿಯದು. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್. ಕಂಪನಿಯ ಕಾರ್ಖಾನೆ ಒಂದಷ್ಟು ಮಂದಿಗೆ ಅನ್ನ ಕೊಟ್ಟಿತೇನೋ ನಿಜ, ಆದರೆ ಇಡೀ ಗಣಿಯ ಜಾಗವನ್ನು ಅದು ತುಂಬಲಾರದು.

ಗ್ಯಾರಿಗೂ ನಮ್ಮ ಗಣಿಗೂ ಒಂದು ಭೇದವಿದೆ. ಅಲ್ಲಿ ಕೆಲಸ ಹೋದೊಡನೆ ಜನ ಗಂಟುಮೂಟೆ ಕಟ್ಟಿದರು. ಇಲ್ಲಿ ಹೆಚ್ಚಿನವರು ಕಟ್ಟಲಿಲ್ಲ. 2011ರ ಗಣತಿಯಲ್ಲಿಯೂ ಊರಿನಲ್ಲಿ ಒಂದೂವರೆ ಲಕ್ಷಕ್ಕೂ ಮೇಲೆ ಜನರಿದ್ದರು. ಹೋಗಲಿಕ್ಕೆ ಅವರಿಗೆ ಬೇರೆ ಊರೆಲ್ಲಿ? ಮುತ್ತಜ್ಜ ಬಿಟ್ಟು ಬಂದ ಹಳ್ಳಿಯಲ್ಲಿ ಅವರ ಗುರುತು ಹಿಡಿಯುವವರಿಲ್ಲ. ಅವರ ದೇವರು, ಇಗರ್ಜಿ, ಸಮಾಧಿ ಎಲ್ಲ ಇಲ್ಲೇ. ಅದಕ್ಕೇ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ ನಿಲ್ದಾಣಗಳಲ್ಲಿ ಬುತ್ತಿ ಹಿಡಿದವರು ತುಂಬಿಕೊಳ್ಳುತ್ತಾರೆ. ಒಂದು ಕಾಲಕ್ಕೆ ಗಣಿಗೆಂದು ಹಾಕಿದ ಅದೇ ಹಳಿಯ ಮೇಲೆ ಬೆಂಗಳೂರಿಗೆ ಬಂದು, ಅಂಗಡಿ, ಕಾರ್ಖಾನೆ, ಕಾವಲುಗಾರಿಕೆ ಎಂದು ಚದುರಿ, ರಾತ್ರಿ ತಿರುಗಿ ಹೋಗುತ್ತಾರೆ.