ಸೇರಿನ ಧಾರಣೆಯೂ ಬೆಲೆಯ ಸೂಚ್ಯಂಕವೂ

ಮಲೆನಾಡಿನ ಅಡಕೆಯು ವಾಲಾಜಾಪೇಟೆಗೆ ಸಾಗುವ ವ್ಯಾಪಾರಕ್ಕೆ ತುಮಕೂರು ಸೀಮೆಯ ಗುಬ್ಬಿಯು ಮುಖ್ಯಸ್ಥಳವಾಗಿದ್ದಿತೆಂಬುದು ರೈಸ್ ಸಾಹೇಬರ ಮೈಸೂರು ಗ್ಯಾಸೆಟಿಯರಿನಿಂದ ವಿದಿತವಾಗುತ್ತದೆ. 1800ರಲ್ಲಿ ಬುಕಾನನನೂ ಇಲ್ಲಿಯ ಸಂತೆಯನ್ನು ಕಂಡು ಬರೆದಿರುವನು. ಆದರೆ ಹಳೆಯ ಬೆಲೆಗಳನ್ನು ಈಗಿನವುಗಳೊಡನೆ ಹೋಲಿಸುವವರು ಒಂದೆಡೆ ಎಡವುವುದುಂಟು. ಹತ್ತೊಂಬತ್ತನೆಯ ಶತಮಾನದ ಸರ್ಕಾರೀ ಪಟ್ಟಿಗಳಲ್ಲಿ ಧಾನ್ಯದ ಧಾರಣೆಯು ಸೇರಿಗೆ ಇಷ್ಟು ಆಣೆಯೆಂದಲ್ಲ, ರೂಪಾಯಿಗೆ ಇಷ್ಟು ಸೇರೆಂದು ಇರುವುದು. ಅಂಕವು ಇಳಿದರೆ ಬೆಲೆಯು ಏರಿತೆಂದರ್ಥ. ಧಾತು-ಈಶ್ವರ ಸಂವತ್ಸರಗಳ (1876-78) ಮಹಾಕ್ಷಾಮದ ಅಂಕಗಳನ್ನು ಓದುವಾಗ ಇದನ್ನು ಮರೆತರೆ ದುರ್ಭಿಕ್ಷವೇ ಸುಭಿಕ್ಷವಾಗಿ ತೋರುವುದು!

ಸರಾಸರಿಯ ತೊಡಕು ಇನ್ನೂ ಸೂಕ್ಷ್ಮವಾದುದು. ರಾಗಿಯು ಗುಬ್ಬಿಯಲ್ಲಿ ರೂಪಾಯಿಗೆ 8 ಸೇರು, ಕುಣಿಗಲಿನಲ್ಲಿ 12 ಸೇರು ಎಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ, ಸೇರುಗಳ ಸರಾಸರಿ 10; ಎಂದರೆ ಸೇರೊಂದಕ್ಕೆ 1.6 ಆಣೆ. ಬೆಲೆಗಳನ್ನೇ ಕೂಡಿದರೆ 2 ಆಣೆಗೂ 1⅓ ಆಣೆಗೂ ಸರಾಸರಿ 1⅔ ಆಣೆ. ಹೊಟ್ಟೆಗೆ ಬೇಕಾದುದು ಇಷ್ಟು ರಾಗಿಯೇ ಹೊರತು ಇಷ್ಟು ರೂಪಾಯಿಯ ರಾಗಿಯಲ್ಲ. ಆದಕಾರಣ ಎರಡನೆಯದೇ ಗ್ರಾಹ್ಯ.

ಸೇರಾದರೂ ಒಂದೇ ಆಗಿರಲಿಲ್ಲ. 24 ತೊಲದ ಕಚ್ಚಾ ಸೇರೂ 80 ತೊಲದ ಪಕ್ಕಾ ಸೇರೂ ಒಂದೇ ಹೆಸರಿನಿಂದ ನಡೆಯುತ್ತಿದ್ದವು. 1956ರ ತೂಕ ಅಳತೆಗಳ ಶಾಸನದ ಬಳಿಕವೇ ಈ ಭೇದವು ಕ್ರಮೇಣ ಅಳಿಯಿತು.

ಈಚಿನ ಸೂಚ್ಯಂಕಗಳಲ್ಲಿ ಪ್ರತಿ ತಿಂಗಳೂ ಅದೇ ಪದಾರ್ಥದ, ಅದೇ ತರಗತಿಯ ಬೆಲೆಯನ್ನು ಕೇಳಿ ಬರೆದು, ಮೂಲವರ್ಷದ ಬೆಲೆಯಿಂದ ಭಾಗಿಸಿ, ಸಂಸಾರದ ವೆಚ್ಚದಲ್ಲಿ ಅದಕ್ಕಿರುವ ಪಾಲಿನಂತೆ ತೂಕ ಕೊಡುವರು. 2012ನ್ನು ಮೂಲವಾಗಿಟ್ಟ ಶ್ರೇಣಿಗೆ ದೇಶದ 1181 ಹಳ್ಳಿಗಳಿಂದಲೂ 310 ಪಟ್ಟಣಗಳ 1114 ಪೇಟೆಗಳಿಂದಲೂ ಬೆಲೆಗಳನ್ನು ತರಿಸಲಾಯಿತು. ಕೂಲಿಯವನ ತುಟ್ಟಿಭತ್ಯೆಯು ಇಂತಹ ಅಂಕಗಳನ್ನೇ ಅವಲಂಬಿಸಿರುವುದು. ಗುಬ್ಬಿಯ ಹಳೆಯ ಧಾರಣೆಯನ್ನು ಇವುಗಳಿಗೆ ಜೋಡಿಸುವವರು ಯಾವ ಸೇರೆಂಬುದನ್ನು ಮೊದಲು ನಿರ್ಣಯಿಸಿ, ಬಳಿಕ ಅಂಕವನ್ನು ತಲೆಕೆಳಗುಮಾಡಬೇಕು.