ಹನ್ನೆರಡನೆಯ ವಯಸ್ಸಿನ ಗೆರೆ: ಲೂಸಿ ಬ್ರಾಂಜ್ ಮತ್ತು ಇಂಗ್ಲೆಂಡಿನ ಮಹಿಳಾ ಫುಟ್‌ಬಾಲ್



ಬೇಡಕಿಹಾಳ, ನಿಪ್ಪಾಣಿ, ಚಿಕ್ಕೋಡಿ ಸೀಮೆಯವರಿಗೆ ಫುಟ್‌ಬಾಲ್ ಅಪರಿಚಿತ ಆಟವೇನಲ್ಲ. ಗಡಿ ದಾಟಿದರೆ ಕೊಲ್ಹಾಪುರ. ಕುಸ್ತಿಗೆ ಹೆಸರಾದ ಆ ಊರಿನಲ್ಲಿ ಫುಟ್‌ಬಾಲ್ ತಂಡಗಳಿಗೂ ತಾಲೀಮುಗಳ ಹೆಸರೇ ಇದೆ. ಶಾಹೂ ಕ್ರೀಡಾಂಗಣದಲ್ಲಿ ಪಾಟಾಕಡೀಲ್ ತಾಲೀಮಿಗೂ ಖಂಡೋಬಾ ತಾಲೀಮಿಗೂ ಪಂದ್ಯವಿದ್ದರೆ ಅದರ ಸುದ್ದಿ ನಮ್ಮ ಹಳ್ಳಿಗಳ ಚಹಾದಂಗಡಿಯವರೆಗೂ ಬರುತ್ತದೆ. ಆದರೆ ಆ ಸುದ್ದಿಯಲ್ಲಿ ಹೆಣ್ಣುಮಕ್ಕಳ ಹೆಸರು ಕೇಳುವುದು ಅಪರೂಪ. ನಮ್ಮ ಶಾಲೆಗಳಲ್ಲಿ ಹುಡುಗಿಯರು ಖೋಖೋ ಆಡುತ್ತಾರೆ, ಕಬಡ್ಡಿ ಆಡುತ್ತಾರೆ, ಹುಡುಗರನ್ನು ಸೋಲಿಸುವುದೂ ಉಂಟು. ಆರನೆಯದೋ ಏಳನೆಯದೋ ತರಗತಿ ದಾಟುತ್ತಿದ್ದಂತೆ ಮನೆಯಲ್ಲಿ ಯಾರೋ ಒಬ್ಬರು, “ಇನ್ನ ಸಾಕು ತಂಗಿ, ದೊಡ್ಡಾಕಿ ಆದಿ” ಎನ್ನುತ್ತಾರೆ. ಆಟ ಅಲ್ಲಿಗೆ ನಿಲ್ಲುತ್ತದೆ.

ಇಂಗ್ಲೆಂಡಿನಲ್ಲಿ ಇದೇ ಮಾತನ್ನು ಮನೆಯ ಹಿರಿಯರು ಹೇಳಬೇಕಾಗಿರಲಿಲ್ಲ. ಅಲ್ಲಿ ಅದನ್ನು ಫುಟ್‌ಬಾಲ್ ಸಂಸ್ಥೆಯ ನಿಯಮದ ಪುಸ್ತಕವೇ ಹೇಳುತ್ತಿತ್ತು. ಆ ನಿಯಮಕ್ಕೆ ಸಿಕ್ಕಿ, ಮುಂದೆ ಜಗತ್ತಿನ ಶ್ರೇಷ್ಠ ಆಟಗಾರ್ತಿ ಎನಿಸಿಕೊಂಡ ಲೂಸಿ ಬ್ರಾಂಜ್ ಎಂಬಾಕೆಯ ಕಥೆಯನ್ನು ಈ ಸಲ ನೋಡೋಣ. ಆಕೆ ಗೋಲು ಹೊಡೆದು ಪ್ರಸಿದ್ಧಳಾದವಳಲ್ಲ. ಗೋಲು ಕಾಯುವ ಸಾಲಿನಲ್ಲಿ, ಬಲ ಅಂಚಿನಲ್ಲಿ ನಿಲ್ಲುವ ರಕ್ಷಣಾ ಆಟಗಾರ್ತಿ. ಆದರೆ ಆಕೆಯ ಕಥೆ ಆಕೆ ಹುಟ್ಟುವುದಕ್ಕೆ ಎಪ್ಪತ್ತು ವರ್ಷ ಮೊದಲೇ ಆರಂಭವಾಗುತ್ತದೆ. ಆದ್ದರಿಂದ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲನೆಯ ಮಹಾಯುದ್ಧದಲ್ಲಿ ಇಂಗ್ಲೆಂಡಿನ ಗಂಡಸರು ರಣರಂಗಕ್ಕೆ ಹೋದರು. ಮದ್ದುಗುಂಡಿನ ಕಾರ್ಖಾನೆಗಳಿಗೆ ಹೆಂಗಸರು ಬಂದರು. ಪ್ರೆಸ್ಟನ್ ನಗರದ ಡಿಕ್, ಕರ್ ಕಂಪನಿಯ ಕಾರ್ಖಾನೆಯ ಹುಡುಗಿಯರು ಊಟದ ಬಿಡುವಿನಲ್ಲಿ ಅಂಗಳದಲ್ಲಿ ಚೆಂಡು ಒದೆಯುತ್ತಿದ್ದರು. 1917ರ ಕ್ರಿಸ್‌ಮಸ್ ದಿನ ಗಾಯಾಳು ಸೈನಿಕರ ಸಹಾಯಾರ್ಥವಾಗಿ ಅವರು ಆಡಿದ ಪಂದ್ಯಕ್ಕೆ 10,000 ಜನ ಸೇರಿದರು. ಮೂರು ವರ್ಷಗಳ ಬಳಿಕ, 1920ರ ಡಿಸೆಂಬರ್ 26ರಂದು, ಲಿವರ್‌ಪೂಲ್ ನಗರದ ಗುಡಿಸನ್ ಪಾರ್ಕ್‌ನಲ್ಲಿ ಸೇರಿದವರು 53,000. ಒಳಗೆ ಜಾಗ ಸಿಗದೆ ಹೊರಗುಳಿದವರು ಇನ್ನೂ ಸಾವಿರಾರು ಮಂದಿ. ಆ ದಿನ ತಂಡದ ಮುಖ್ಯ ಗೋಲುಗಾರ್ತಿ ರೈಲು ತಪ್ಪಿಸಿಕೊಂಡು ಬರಲಿಲ್ಲ. ಮಧ್ಯಂತರದ ನಂತರ ನಾಯಕಿ ಆಲಿಸ್ ಕೆಲ್ ತಾನೇ ಹಿಂದಿನ ಸಾಲು ಬಿಟ್ಟು ಮುಂದೆ ಬಂದು ಮೂರು ಗೋಲು ಹೊಡೆದಳು. ಆಕೆಯೂ ರಕ್ಷಣಾ ಆಟಗಾರ್ತಿಯೇ, ಬಲ ಅಂಚಿನವಳೇ. ಈ ಹೆಸರನ್ನು ನೆನಪಿನಲ್ಲಿಟ್ಟುಕೊಳ್ಳಿ.

ಇದಾದ ಒಂದು ವರ್ಷದೊಳಗೆ, 1921ರ ಡಿಸೆಂಬರ್ 5ರಂದು, ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಒಂದು ನಿರ್ಣಯ ಕೈಗೊಂಡಿತು. ಫುಟ್‌ಬಾಲ್ ಹೆಂಗಸರಿಗೆ ತಕ್ಕ ಆಟವಲ್ಲ. ಸಂಸ್ಥೆಗೆ ಸೇರಿದ ಯಾವ ಕ್ಲಬ್ಬೂ ತನ್ನ ಮೈದಾನವನ್ನು ಅವರಿಗೆ ಕೊಡತಕ್ಕದ್ದಲ್ಲ. ಸಹಾಯಾರ್ಥವಾಗಿ ಎತ್ತಿದ ಹಣದ ಲೆಕ್ಕ ಸರಿಯಿಲ್ಲವೆಂಬ ಆಕ್ಷೇಪವೂ ಅದರ ಜೊತೆಗಿತ್ತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಹೆಂಗಸರು ಆಡಬಾರದು ಎಂದು ನೇರವಾಗಿ ಹೇಳಲಿಲ್ಲ, ಮೈದಾನ ಕೊಡಬಾರದು ಎಂದರು. ಬಾವಿಗೆ ಬರಬೇಡ ಎನ್ನದೆ ಹಗ್ಗ ಕಿತ್ತುಕೊಂಡ ಹಾಗೆ. 53,000 ಜನರ ಮುಂದೆ ಆಡಿದ್ದವರು ಸಾರ್ವಜನಿಕ ಉದ್ಯಾನಗಳಿಗೆ, ಬಯಲುಗಳಿಗೆ ಸರಿದರು. ಈ ನಿಷೇಧ ಹೋದದ್ದು 1971ರಲ್ಲಿ, ಅಂದರೆ ಐವತ್ತು ವರ್ಷಗಳ ಬಳಿಕ. ಸಂಸ್ಥೆ ಅದಕ್ಕಾಗಿ ಕ್ಷಮೆ ಕೇಳಿದ್ದು 2008ರಲ್ಲಿ.

ನಿಷೇಧ ಹೋದರೂ ಮತ್ತೊಂದು ಗೆರೆ ಉಳಿದಿತ್ತು. ಹುಡುಗರೂ ಹುಡುಗಿಯರೂ ಒಂದೇ ತಂಡದಲ್ಲಿ ಆಡುವಂತಿರಲಿಲ್ಲ. 1978ರಲ್ಲಿ ಹನ್ನೆರಡು ವರ್ಷದ ಬಾಲಕಿಯೊಬ್ಬಳ ಪರವಾಗಿ ಈ ವಿಷಯ ನ್ಯಾಯಾಲಯಕ್ಕೆ ಹೋಯಿತು. ಕೆಳಗಿನ ನ್ಯಾಯಾಲಯದಲ್ಲಿ ಆಕೆ ಗೆದ್ದಳು. ಮೇಲ್ಮನವಿಯಲ್ಲಿ, ಕಾನೂನು ವಿದ್ಯಾರ್ಥಿಗಳಿಗೆಲ್ಲ ಪರಿಚಿತರಾದ ಲಾರ್ಡ್ ಡೆನ್ನಿಂಗ್ ಅವರ ಪೀಠ ಫುಟ್‌ಬಾಲ್ ಸಂಸ್ಥೆಯ ಪರವಾಗಿ ತೀರ್ಪು ಕೊಟ್ಟಿತು. ಮೈಕಟ್ಟು, ಬಲ ಮುಖ್ಯವಾದ ಕ್ರೀಡೆಗಳಿಗೆ ಲಿಂಗ ಸಮಾನತೆಯ ಕಾಯಿದೆಯಿಂದ ವಿನಾಯಿತಿ ಇದೆ ಎಂಬುದು ಅದರ ಆಧಾರ. ಹನ್ನೆರಡರ ವಯಸ್ಸಿನಲ್ಲಿ ಎಷ್ಟೋ ಹುಡುಗಿಯರು ತಮ್ಮ ತರಗತಿಯ ಹುಡುಗರಿಗಿಂತ ಎತ್ತರವಾಗಿರುತ್ತಾರೆ ಎಂಬುದು ನಿಮಗೆಲ್ಲ ಗೊತ್ತೇ ಇದೆ! ಮುಂದೆ ಚಿಕ್ಕ ಮಕ್ಕಳ ಮಟ್ಟಿಗೆ ಈ ನಿಯಮ ಸಡಿಲವಾಯಿತು. ಗೆರೆ ಮಾತ್ರ ಹನ್ನೆರಡರ ಸುಮಾರಿಗೆ ನಿಂತಿತು.

ಲೂಸಿ ಬ್ರಾಂಜ್ ಬಂದು ಮುಟ್ಟಿದ್ದು ಈ ಗೆರೆಗೆ. ಆಕೆ ಹುಟ್ಟಿದ್ದು 1991ರ ಅಕ್ಟೋಬರ್ 28ರಂದು, ಇಂಗ್ಲೆಂಡಿನ ಉತ್ತರದ ತುದಿಯ ಬೆರಿಕ್ ಪಟ್ಟಣದಲ್ಲಿ. ಸ್ಕಾಟ್ಲೆಂಡಿನ ಗಡಿ ಅಲ್ಲಿಂದ ಕೂಗಳತೆ. ತಂದೆ ಪೋರ್ಚುಗಲ್ಲಿನವರು, ತಾಯಿ ಇಂಗ್ಲಿಷರು. ಎರಡು ಭಾಷೆಗಳ ಮನೆ, ಗಡಿಯ ಊರು. ನಮ್ಮ ಸೀಮೆಯ ಮಕ್ಕಳಿಗೆ ಇದು ಹೊಸದಲ್ಲ. ತಾಯಿಯ ತವರಿನ ಮನೆತನದ ಹೆಸರು ‘ಟಫ್’. ಅದು ಆಕೆಯ ಪೂರ್ಣ ಹೆಸರಿನ ನಡುವೆ ಸೇರಿಕೊಂಡಿದೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಗಟ್ಟಿಗ ಎಂಬ ಅರ್ಥ. ಅಣ್ಣನ ಹಿಂದೆ ಓಡಿ ಆಟ ಕಲಿತಳು. ಆನಿಕ್ ಎಂಬ ಸಣ್ಣ ಪಟ್ಟಣದ ಹುಡುಗರ ತಂಡದಲ್ಲಿ ಸೇರಿ ಆಡಿದಳು. ಹನ್ನೆರಡು ತುಂಬುತ್ತಿದ್ದಂತೆ ಇನ್ನು ಆಡುವಂತಿಲ್ಲ ಎಂದಾಯಿತು. ಹತ್ತಿರದಲ್ಲಿ ಹುಡುಗಿಯರ ತಂಡವಿರಲಿಲ್ಲ. ಹುಡುಕಿದಾಗ ಸಿಕ್ಕಿದ್ದು ಸಂಡರ್‌ಲ್ಯಾಂಡ್. ಸುಮಾರು 70 ಕಿಲೋಮೀಟರ್, ಹೆಚ್ಚುಕಡಿಮೆ ಚಿಕ್ಕೋಡಿಯಿಂದ ಬೆಳಗಾವಿಗೆ ಹೋದಷ್ಟು. ಅಭ್ಯಾಸಕ್ಕೆ ಅಷ್ಟು ದೂರ ಹೋಗಿ ಬರಬೇಕು. ಮಗಳನ್ನು ಹಾಗೆ ಕಳಿಸುವ ಮನೆಯಿಲ್ಲದಿದ್ದರೆ, ಹೋಗಲು ವಾಹನವಿಲ್ಲದಿದ್ದರೆ, ಈ ಲೇಖನ ಇಲ್ಲಿಗೇ ಮುಗಿಯುತ್ತಿತ್ತು. ಅದೇ ವಯಸ್ಸಿನಲ್ಲಿ ಎಷ್ಟು ಹುಡುಗಿಯರ ಕಥೆ ಹಾಗೆ ಮುಗಿದಿರಬಹುದು ಎಂಬ ಲೆಕ್ಕ ಯಾವ ದಾಖಲೆಯಲ್ಲಿಯೂ ಸಿಗದು.

2009ರಲ್ಲಿ ಸಂಡರ್‌ಲ್ಯಾಂಡ್ ತಂಡ ಮಹಿಳೆಯರ ಎಫ್.ಎ. ಕಪ್ಪಿನ ಅಂತಿಮ ಪಂದ್ಯಕ್ಕೆ ಬಂದಿತು. ಬಲಾಢ್ಯ ಆರ್ಸೆನಲ್ ಎದುರು 2-1ರಿಂದ ಸೋತಿತು. ಆದರೆ ಪಂದ್ಯದ ಶ್ರೇಷ್ಠ ಆಟಗಾರ್ತಿ ಎಂದು ಆರಿಸಿದ್ದು ಸೋತ ತಂಡದ ಹದಿನೇಳರ ಬ್ರಾಂಜಳನ್ನು. ಅದೇ ವರ್ಷ ಆಕೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯ ಸೇರಿದಳು. ಅಲ್ಲಿನ ಕಾಲೇಜುಗಳಲ್ಲಿ ಮಹಿಳಾ ಫುಟ್‌ಬಾಲಿಗೆ ವಿದ್ಯಾರ್ಥಿವೇತನವಿತ್ತು, ಮೈದಾನವಿತ್ತು, ಪ್ರೇಕ್ಷಕರಿದ್ದರು. ಆಕೆಯ ತಂಡ ಆ ವರ್ಷ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು. ಮರುವರ್ಷ ತಾಯ್ನಾಡಿಗೆ ಮರಳಿ ಎವರ್ಟನ್ ಸೇರಿದಳು.

ಈಗ ದುಡ್ಡಿನ ಮಾತು. ಕೋಟಿಗಳ ಲೆಕ್ಕದ ಗಂಡಸರ ಫುಟ್‌ಬಾಲನ್ನು ಮಾತ್ರ ನೋಡಿದವರಿಗೆ ಇದು ಆಶ್ಚರ್ಯವೆನಿಸಬಹುದು. 2009ರಲ್ಲಿ ಫುಟ್‌ಬಾಲ್ ಸಂಸ್ಥೆ ದೇಶದ ಆಯ್ದ 17 ಆಟಗಾರ್ತಿಯರಿಗೆ ಮೊದಲ ಬಾರಿಗೆ ಒಪ್ಪಂದ ಕೊಟ್ಟಿತು: ವರ್ಷಕ್ಕೆ 16,000 ಪೌಂಡ್. ಉಳಿದವರ ಪಾಡು ಅವರವರದು. 2011ರಲ್ಲಿ ಎಂಟು ತಂಡಗಳ ‘ಮಹಿಳಾ ಸೂಪರ್ ಲೀಗ್’ ಆರಂಭವಾದಾಗಲೂ ಒಂದು ತಂಡದಲ್ಲಿ ನಾಲ್ವರಿಗೆ ಮಾತ್ರ 20,000 ಪೌಂಡಿಗಿಂತ ಹೆಚ್ಚು ಕೊಡಬಹುದಿತ್ತು. ಬ್ರಾಂಜ್ ಲೀಡ್ಸ್ ನಗರದಲ್ಲಿ ಪದವಿಗೆ ಓದುತ್ತ, ಪಿಜ್ಜಾ ಅಂಗಡಿಯಲ್ಲಿ ದುಡಿಯುತ್ತ, ಎವರ್ಟನ್ನಿಗೆ ಆಡುತ್ತಿದ್ದಳು. ಅದರ ನಡುವೆ ಮೊಣಕಾಲಿಗೆ ಮೇಲಿಂದ ಮೇಲೆ ಶಸ್ತ್ರಚಿಕಿತ್ಸೆಗಳು. ರಾತ್ರಿ ಪಿಜ್ಜಾ ಕಟ್ಟಿಕೊಡುತ್ತಿದ್ದ ಈ ಹುಡುಗಿ ಹತ್ತು ವರ್ಷದೊಳಗೆ ಜಗತ್ತಿನ ಶ್ರೇಷ್ಠ ಆಟಗಾರ್ತಿ ಆಗುವಳೆಂದು ಆಗ ಹೇಳಿದ್ದರೆ ಅಂಗಡಿಯ ಗಿರಾಕಿಗಳು ನಕ್ಕಿರುತ್ತಿದ್ದರು.

ಆಕೆಯ ಆಟದ ಬಗೆ ಏನು? ಕಬಡ್ಡಿ ಆಡಿದವರಿಗೆ ಇದನ್ನು ಹೇಳುವುದು ಸುಲಭ. ಕಬಡ್ಡಿಯಲ್ಲಿ ಬಲ ಮೂಲೆಯಲ್ಲಿ ನಿಂತವರು ರೈಡರ್‌ನ ಕಾಲಿನ ಮೇಲೆಯೇ ಕಣ್ಣಿಟ್ಟಿರುತ್ತಾರೆ; ಒಂದು ಹೆಜ್ಜೆ ಬೇಗ ನುಗ್ಗಿದರೆ ಔಟ್, ಒಂದು ಹೆಜ್ಜೆ ತಡವಾದರೆ ರೈಡರ್ ಗೆರೆ ಮುಟ್ಟಿರುತ್ತಾನೆ. ಫುಟ್‌ಬಾಲಿನ ಬಲ ಅಂಚಿನ ರಕ್ಷಕಿಯ ಕೆಲಸವೂ ಅದೇ, ಆದರೆ ಅಂಕಣ ನೂರು ಮೀಟರ್ ಉದ್ದದ್ದು. ಎದುರಾಳಿಯ ಎಡ ಅಂಚಿನ ಓಟಗಾರ್ತಿಯನ್ನು ತಡೆಯಬೇಕು. ಚೆಂಡು ತಮ್ಮವರ ಕೈಸೇರಿದ ಕೂಡಲೇ ಅಂಚಿನಲ್ಲೇ ಓಡಿ ಮುಂದಿನ ಸಾಲಿಗೆ ಹೆಚ್ಚುವರಿ ಆಳಾಗಬೇಕು. ಚೆಂಡು ಕಳೆದುಹೋದರೆ ಅಷ್ಟೇ ದೂರ ಹಿಂದಕ್ಕೆ ಓಡಿ ಬರಬೇಕು. ಬ್ರಾಂಜ್ ಈ ಮೂರನ್ನೂ ಮಾಡಿದಳು. ಎರಡನೆಯದನ್ನು ಕಂಡೇ ಜಗತ್ತು ಬೆರಗಾಯಿತು. 2015ರಲ್ಲಿ ಕೆನಡಾದಲ್ಲಿ ನಡೆದ ವಿಶ್ವಕಪ್ಪಿನಲ್ಲಿ ನಾರ್ವೆ ವಿರುದ್ಧ ಗೆಲುವಿನ ಗೋಲು ಹೊಡೆದವಳು ಈ ರಕ್ಷಕಿ. ಕ್ವಾರ್ಟರ್ ಫೈನಲ್‌ನಲ್ಲಿ ಆತಿಥೇಯ ಕೆನಡಾ ವಿರುದ್ಧವೂ ಒಂದು ಗೋಲು ಆಕೆಯದೇ. ಇಂಗ್ಲೆಂಡಿಗೆ ಮೂರನೆಯ ಸ್ಥಾನ ಬಂತು.

ಕ್ಲಬ್ಬುಗಳ ವಿವರವನ್ನು ಬೇಗ ಹೇಳಿ ಮುಗಿಸುತ್ತೇನೆ. ಲಿವರ್‌ಪೂಲ್ ಪರ 2013 ಮತ್ತು 2014ರಲ್ಲಿ ಲೀಗ್ ಪ್ರಶಸ್ತಿ, ಮ್ಯಾಂಚೆಸ್ಟರ್ ಸಿಟಿ ಪರ 2016ರಲ್ಲಿ ಇನ್ನೊಂದು. 2017ರಲ್ಲಿ ಫ್ರಾನ್ಸಿನ ಲಿಯಾನ್ ಕ್ಲಬ್ಬಿಗೆ ಹೋದಳು. ಮಹಿಳಾ ತಂಡಕ್ಕೆ ಧಾರಾಳವಾಗಿ ಹಣ ಹೂಡಿದ ಕ್ಲಬ್ಬು ಅದು. ಅಲ್ಲಿ 2018, 2019, 2020, ಮೂರು ವರ್ಷವೂ ಯೂರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಳು. ಮುಂದೆ ಸ್ಪೇನಿನ ಬಾರ್ಸಿಲೋನಾ ಪರ 2023 ಮತ್ತು 2024ರಲ್ಲಿ ಮತ್ತೆರಡು ಬಾರಿ. 2024ರಲ್ಲಿ ಚೆಲ್ಸಿ ಸೇರಿ ಇಂಗ್ಲೆಂಡಿಗೆ ಮರಳಿದಳು. 2020ರಲ್ಲಿ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಆಕೆಯನ್ನು ವರ್ಷದ ಶ್ರೇಷ್ಠ ಆಟಗಾರ್ತಿ ಎಂದು ಆರಿಸಿತು. ಆ ಗೌರವ ಪಡೆದ ಮೊದಲ ಇಂಗ್ಲಿಷ್ ಆಟಗಾರ್ತಿ ಆಕೆ. ರಕ್ಷಣಾ ಸಾಲಿನಿಂದ ಬಂದವರಲ್ಲಿಯೂ ಮೊದಲಿಗಳು. ಇಷ್ಟರಲ್ಲಿ, 2018ರಿಂದ, ಇಂಗ್ಲೆಂಡಿನ ಲೀಗ್ ಪೂರ್ಣಾವಧಿ ವೃತ್ತಿಪರ ಲೀಗ್ ಆಗಿತ್ತು. ಆಕೆಗಿಂತ ಹತ್ತು ವರ್ಷ ಕಿರಿಯರಾದವರು ಪಿಜ್ಜಾ ಅಂಗಡಿಯನ್ನು ನೋಡಬೇಕಾಗಲಿಲ್ಲ.

ನಮ್ಮ ದೇಶದ ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಇಂಗ್ಲೆಂಡಿನ ಹೆಂಗಸರು ಐವತ್ತು ವರ್ಷದ ನಿಷೇಧದಿಂದ ಮೈಕೊಡವಿಕೊಂಡು ಏಳುತ್ತಿದ್ದ ಕಾಲದಲ್ಲಿ ಭಾರತದ ಮಹಿಳೆಯರು ಏಷ್ಯಾದ ಮುಂಚೂಣಿಯಲ್ಲಿದ್ದರು. 1980ರಲ್ಲಿ ಕೋಝಿಕ್ಕೋಡಿನಲ್ಲಿ ನಡೆದ ಏಷ್ಯಾ ಪಂದ್ಯಾವಳಿಯಲ್ಲಿ ಎರಡನೆಯ ಸ್ಥಾನ, 1983ರಲ್ಲಿ ಮತ್ತೆ ಎರಡನೆಯ ಸ್ಥಾನ. ಅದೇ 1983ರಲ್ಲಿ ಶಾಂತಿ ಮಲ್ಲಿಕ್ ಅರ್ಜುನ ಪ್ರಶಸ್ತಿ ಪಡೆದ ಮೊದಲ ಫುಟ್‌ಬಾಲ್ ಆಟಗಾರ್ತಿಯಾದರು. ಅಲ್ಲಿ ಹಣವೂ ಲೀಗೂ ಬಂದವು. ನಮ್ಮಲ್ಲಿ ದೇಶಮಟ್ಟದ ಮಹಿಳಾ ಲೀಗ್ ಆರಂಭವಾಗಲು 2016-17ರವರೆಗೆ ಕಾಯಬೇಕಾಯಿತು.

ರಕ್ಷಣಾ ಆಟಗಾರರ ಹಣೆಬರಹವೇ ವಿಚಿತ್ರ. ತಡೆದ ನೂರು ಚೆಂಡು ಯಾರಿಗೂ ನೆನಪಿರುವುದಿಲ್ಲ, ಬಿಟ್ಟ ಒಂದು ಚೆಂಡು ಎಲ್ಲರಿಗೂ ನೆನಪಿರುತ್ತದೆ. 2022ರಲ್ಲಿ ಲಂಡನ್ನಿನ ವೆಂಬ್ಲಿ ಕ್ರೀಡಾಂಗಣದಲ್ಲಿ 87,192 ಜನರ ಮುಂದೆ ಇಂಗ್ಲೆಂಡ್ ತಂಡ ಜರ್ಮನಿಯನ್ನು ಸೋಲಿಸಿ ಯೂರೋಪಿನ ಚಾಂಪಿಯನ್ ಆಯಿತು. ಬ್ರಾಂಜ್ ಆ ತಂಡದಲ್ಲಿದ್ದಳು. ಮರುವರ್ಷ, 2023ರ ಆಗಸ್ಟ್ 20ರಂದು, ಸಿಡ್ನಿಯಲ್ಲಿ ವಿಶ್ವಕಪ್ಪಿನ ಫೈನಲ್. ಎದುರಾಳಿ ಸ್ಪೇನ್. 29ನೆಯ ನಿಮಿಷದಲ್ಲಿ ಬ್ರಾಂಜ್ ತನ್ನ ಅಂಚು ಬಿಟ್ಟು ಮೈದಾನದ ನಡುವಿಗೆ ಚೆಂಡನ್ನು ಒಯ್ದಳು. ಅಲ್ಲಿ ಚೆಂಡು ಕೈತಪ್ಪಿತು. ಸ್ಪೇನಿನವರು ಕ್ಷಣವೂ ತಡಮಾಡದೆ, ಆಕೆ ಬಿಟ್ಟು ಬಂದಿದ್ದ ಖಾಲಿ ಜಾಗಕ್ಕೇ ಚೆಂಡು ಕಳಿಸಿದರು. ಓಲ್ಗಾ ಕಾರ್ಮೋನಾ ಗೋಲು ಹೊಡೆದಳು. ಪಂದ್ಯದಲ್ಲಿ ಬಿದ್ದದ್ದು ಅದೊಂದೇ ಗೋಲು. ಯಾವ ಮುನ್ನುಗ್ಗುವ ಗುಣ ಆಕೆಯನ್ನು ಶ್ರೇಷ್ಠಳನ್ನಾಗಿ ಮಾಡಿತ್ತೋ ಅದೇ ಆ ದಿನ ತಂಡಕ್ಕೆ ಮುಳುವಾಯಿತು. ಆಕೆ ಹಾಗೆ ಆಡಬಾರದಿತ್ತು ಎಂದು ಟೀಕೆ ಬಂದವು. ಹಾಗೆ ಆಡದಿದ್ದರೆ ಆಕೆ ಆ ಫೈನಲ್‌ವರೆಗೆ ಬರುತ್ತಿದ್ದಳೇ ಎಂದೂ ಕೇಳಬೇಕಲ್ಲವೇ?

2025ರ ಜುಲೈನಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಮತ್ತೆ ಯೂರೋಪಿನ ಪಂದ್ಯಾವಳಿ. ಬ್ರಾಂಜ್‌ಗೆ ಆಗ 33 ವರ್ಷ. ಕ್ವಾರ್ಟರ್ ಫೈನಲ್‌ನಲ್ಲಿ ಸ್ವೀಡನ್ ಎರಡು ಗೋಲಿನಿಂದ ಮುಂದಿತ್ತು, ಉಳಿದದ್ದು ಹತ್ತೇ ನಿಮಿಷದ ಚಿಲ್ಲರೆ ಆಟ. ದೂರದ ಕಂಬದ ಬಳಿ ಓಡಿ ಬಂದ ಬ್ರಾಂಜ್ ತಲೆಯಿಂದ ಚೆಂಡನ್ನು ಒಳಗೆ ತಳ್ಳಿದಳು. ಎರಡು ನಿಮಿಷದಲ್ಲಿ ಮತ್ತೊಂದು ಗೋಲು ಬಂದು ಪಂದ್ಯ ಸಮವಾಯಿತು. ಕೊನೆಗೆ ಪೆನಾಲ್ಟಿ ಒದೆತಗಳು. ಎರಡೂ ಕಡೆಯ 14 ಒದೆತಗಳಲ್ಲಿ ಗೋಲಾದದ್ದು ಐದು ಮಾತ್ರ. ಇಂಗ್ಲೆಂಡಿನ ಗೆಲುವಿನ ಗೋಲನ್ನು ಹೊಡೆದವಳು ಬ್ರಾಂಜ್. ಅದಕ್ಕೆ ಮುನ್ನ ತೊಡೆಗೆ ತಾನೇ ಪಟ್ಟಿ ಸುತ್ತಿಕೊಳ್ಳುತ್ತಿದ್ದುದನ್ನು ದೂರದರ್ಶನದಲ್ಲಿ ಜಗತ್ತೇ ಕಂಡಿತು. ಜುಲೈ 27ರಂದು ಬಾಸೆಲ್ ನಗರದಲ್ಲಿ ಫೈನಲ್. ಎದುರಾಳಿ ಮತ್ತೆ ಸ್ಪೇನ್. 1-1 ಸಮ, ಪೆನಾಲ್ಟಿಗಳಲ್ಲಿ ಇಂಗ್ಲೆಂಡಿಗೆ 3-1 ಗೆಲುವು. ಹೆಚ್ಚುವರಿ ಸಮಯದಲ್ಲಿ ಬ್ರಾಂಜ್ ಕುಂಟುತ್ತ ಹೊರಗೆ ಬಂದಿದ್ದಳು. ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಯಲ್ಲಿ ಬಿರುಕಿತ್ತು, ಪಂದ್ಯಾವಳಿಯ ಮೊದಲ ದಿನದಿಂದಲೂ ಅದೇ ಕಾಲಿನಲ್ಲಿ ಆಡಿದ್ದೆ ಎಂದು ಪಂದ್ಯ ಮುಗಿದ ಮೇಲೆ ಆಕೆ ಹೇಳಿದಳು.

ಆನಿಕ್‌ನಲ್ಲಿ ಆಕೆಯನ್ನು ತಡೆದಿದ್ದ ವಯಸ್ಸಿನ ಗೆರೆಯನ್ನು 2010ರ ನಂತರದ ವರ್ಷಗಳಲ್ಲಿ ಹಂತಹಂತವಾಗಿ ಹದಿನೆಂಟರವರೆಗೆ ಏರಿಸಲಾಯಿತು. ಇಂದು ಆ ಪಟ್ಟಣದಲ್ಲಿ ಹನ್ನೆರಡು ತುಂಬಿದ ಹುಡುಗಿ ಮರುದಿನವೂ ಅದೇ ತಂಡದಲ್ಲಿ, ಅದೇ ಗೆಳೆಯರ ಜೊತೆ ಆಡಬಹುದು.